ಕಪ್ಪು ಟಗರಿನಲ್ಲಿ ಬೀಗರೂಟ

ಬಾರೇ, ಬಾ ನನ್ನ ರಾಣಿ, ಹಾಗೇ, ಮೆಲ್ಲಗೆ, ಯಾರೂ ಏನೂ ಮಾಡಲ್ಲ ನಿಂಗೆ — ಲೋಟದ ಹೊರಮೈ ಮೇಲೆ ನೊರೆಯ ಒಂದು ಎಳೆ ಜಾರುತ್ತಿತ್ತು, ಅದನ್ನೇ ನೋಡುತ್ತಿದ್ದೆ, ಹೆಬ್ಬೆರಳಿನಿಂದ ಒರೆಸೋಣ ಎಂದುಕೊಳ್ಳುವಷ್ಟರಲ್ಲಿ ಆ ದನಿ, ಕತ್ತಿನ ಹಿಂದೆ ಯಾರೋ ತಣ್ಣೀರು ಚಿಮುಕಿಸಿದ ಹಾಗೆ, ಎಲ್ಲಿ ಕೇಳಿದ್ದೇನೆ ಇದನ್ನು, ಎಲ್ಲಿ, ಟ್ರೆವರ್ ಕುರ್ಚಿಯಿಂದ ಅರ್ಧ ಬಾಗಿ ಒಲೆಯ ಮುಂದೆ ಮಲಗಿದ್ದ ಮುದಿ ನಾಯಿಗೆ ಕೈ ಚಾಚಿದ್ದಾನೆ, ಪ್ರಾಣಿಗಳ ಜೊತೆ ಬದುಕಿದವರು ಚಾಚುವ ಹಾಗೆ, ಬೆರಳು ಒಳಗೆ ಮಡಚಿ, ಮೂಸಿ ನೋಡಲು ಬಿಟ್ಟು, ನಾಯಿ ಎದ್ದು ಹೋಗುತ್ತಿದೆ ಅವನ ಬಳಿಗೆ, ಯಾರ ಹತ್ತಿರವೂ ಹೋಗದ ನಾಯಿ. ಅಯ್ಯೋ, ನಮ್ಮ ಟ್ಯಾನ್ಸಿಗೆ ಬೀಗರು ಹಿಡಿಸಿಬಿಟ್ರು ನೋಡಿ ಎಂದಳು ಮೋಯ್ರಾ ಕೌಂಟರಿನ ಆಚೆಯಿಂದ, ಎಲ್ಲರೂ ನಕ್ಕರು, ನನ್ನ ಹೆಂಡತಿ ಜಿಲ್ ನಕ್ಕಳು, ಮಗಳು ಹೇಜಲ್ ನಕ್ಕಳು, ಅವಳನ್ನು ಸೆಪ್ಟೆಂಬರಿನಲ್ಲಿ ಮದುವೆಯಾಗಲಿರುವ ಲೂಯಿಸ್ ನಕ್ಕ, ನಮ್ಮಪ್ಪ ಹಾಗೇ, ಹೆಂಗಸರಿಗಿಂತ ನಾಯಿ ಹಸುಗಳೇ ಇವರ ಮಾತು ಕೇಳೋದು ಎಂದ, ಹಸು ಎಂದನಲ್ಲ, ನಾನೂ ನಕ್ಕಿರಬೇಕು, ಮುಖದ ಚರ್ಮ ಎಳೆದುಕೊಂಡದ್ದು ಗೊತ್ತಾಯಿತು. ಕಪ್ಪು ಟಗರು ಎಂಬ ಈ ಹಳ್ಳಿಯ ಪಬ್ಬಿನಲ್ಲಿ ಭಾನುವಾರ ಮಧ್ಯಾಹ್ನ ಜನ ಹೀಗೇ ಇರುತ್ತಾರೆ, ಒದ್ದೆ ಕೋಟುಗಳ ವಾಸನೆ, ಬೇಯುವ ಮಾಂಸದ ವಾಸನೆ, ಕಿಟಕಿಯಾಚೆ ಬೆಟ್ಟದ ಅರ್ಧ ಮೋಡದಲ್ಲಿ, ಈ ಊಟ ಇಲ್ಲೇ ಆಗಬೇಕು ಎಂದು ಹಟ ಹಿಡಿದವಳು ಹೇಜಲ್, ಅವರಪ್ಪ ಲ್ಯಾಂಕಾಶೈರಿನಿಂದ ಅಷ್ಟು ದೂರ ಬರ್ತಾರೆ, ಪೇಟೆಯ ಹೋಟೆಲಿನಲ್ಲಿ ಕೂರಿಸಿ ಕಳಿಸೋಕಾಗತ್ತಾ ಅಪ್ಪ, ಅವರಿಗೆ ಪೀಪಾಯಿಯಿಂದ ಇಳಿಸಿದ ಏಲ್ ಬಿಯರ್ ಅಂದ್ರೆ ಪ್ರಾಣ. ಪ್ರಾಣ. ಬಾ ನನ್ನ ರಾಣಿ. ಇಲ್ಲ, ಎಷ್ಟೋ ಜನ ಹಾಗೆ ಕರೆಯುತ್ತಾರೆ, ಆ ಕಡೆಯ ಗಂಡಸರು ಅಂಗಡಿಯವಳನ್ನೂ ರಾಣಿ ಎನ್ನುತ್ತಾರೆ, ಆದರೆ ಆ ಮೆಲ್ಲಗೆ ಎಂಬ ಮಾತು, ಆ ಲ್ಲ ಎಂಬುದನ್ನು ನಾಲಿಗೆಯ ಮೇಲೆ ಮಲಗಿಸುವ ರೀತಿ.

ಮುಖ ನೋಡಿರಲಿಲ್ಲ ನಾನು ಆ ದಿನ, ಇಪ್ಪತ್ತೆರಡು ವರ್ಷದ ಹಿಂದೆ, ಅದೇ ತೊಂದರೆ, ಯಾರ ಮುಖವನ್ನೂ ನೋಡಿರಲಿಲ್ಲ, ಬಿಳಿ ಮೇಲಂಗಿ, ಬಿಳಿ ಟೋಪಿ, ಮೂಗು ಬಾಯಿ ಮುಚ್ಚಿದ ಪಟ್ಟಿ, ನಮ್ಮ ಅಂಗಳದ ತುಂಬ ಸರ್ಕಾರ ಕಳಿಸಿದ ಬಿಳಿ ಬಟ್ಟೆಯ ಜನ, ಬೆಳಗ್ಗೆ ಬಂದು ಗೇಟಿನ ಹೊರಗೆ ಹುಲ್ಲು ಹಾಸಿ ಅದರ ಮೇಲೆ ಔಷಧಿ ನೀರು ಸುರಿದರು, ಆ ವಾಸನೆ ಈಗಲೂ ಆಸ್ಪತ್ರೆಗೆ ಹೋದರೆ ಬರುತ್ತದೆ. ಕಾಲುಬಾಯಿ ರೋಗ ಬಂದದ್ದು ನಮ್ಮ ಹಸುಗಳಿಗಲ್ಲ, ಬೇಲಿಯಾಚೆಯ ಕುರಿಗಳಿಗೆ, ನಮ್ಮವು ಆ ಬೆಳಗ್ಗೆಯೂ ಹಾಲು ಕೊಟ್ಟಿದ್ದವು, ನಾನೇ ಕರೆದು ನಾನೇ ಚರಂಡಿಗೆ ಚೆಲ್ಲಿದ್ದೆ, ಬಿಸಿ ಹಾಲಿನ ಹಬೆ ಚರಂಡಿಯಿಂದ ಏಳುತ್ತಿತ್ತು, ಸರ್ಕಾರದ ಡಾಕ್ಟರು ಬಾಯಿ ತೆರೆಸಿ ನೋಡಿ ಏನೂ ಇಲ್ಲ ಎಂದರು, ಏನೂ ಇಲ್ಲವಲ್ಲ ಸ್ವಾಮಿ ಎಂದೆ, ಪಕ್ಕದಲ್ಲಿದೆಯಲ್ಲ ರೆಲ್ಫ್ ಅವರೇ, ಪಕ್ಕದಲ್ಲಿದ್ದರೂ ಎಲ್ಲವನ್ನೂ ಕೊಲ್ಲಲೇಬೇಕು, ನಿಯಮ ಒಂದೇ ಎಂದರು. ಆಮೇಲೆ ಅವನು ಬಂದ, ಹಣೆಗೆ ಒತ್ತಿ ಹಿಡಿಯುವ ಆ ಮೋಟು ಪಿಸ್ತೂಲು ಹಿಡಿದವನು, ಉಳಿದವರು ದನಗಳನ್ನು ಕೋಲಿನಿಂದ ತಳ್ಳುತ್ತಿದ್ದರು, ಇವನೊಬ್ಬ ಕೋಲು ಮುಟ್ಟಲಿಲ್ಲ, ಪಟ್ಟಿಯ ಹಿಂದಿನಿಂದ ಕರೆದ, ಬಾರೇ, ಬಾ ನನ್ನ ರಾಣಿ, ಹಾಗೇ, ಮೆಲ್ಲಗೆ, ಮೊದಲ ಹಸು ಪ್ರಿಮ್‌ರೋಸ್ ಹೋದಳು, ಅಪರಿಚಿತರನ್ನು ಕಂಡರೆ ಒದೆಯುತ್ತಿದ್ದ ಮುದಿ ನೆಲ್ ಕೂಡ ಕತ್ತು ಚಾಚಿಕೊಂಡು ಹೋದಳು, ಟಕ್, ಮುಂಗಾಲು ಮಡಚಿತು, ಮುಂದಿನವಳಿಗೆ ಮತ್ತೆ ಅದೇ ದನಿ, ಅದೇ ಪ್ರೀತಿ, ಹೌದು, ಪ್ರೀತಿಯೇ ಅದು, ಅದನ್ನೇ ನಾನು ಸಹಿಸಲಾರದೆ ಹೋದದ್ದು, ಬೈದು ಹೊಡೆದು ಕೊಂದಿದ್ದರೆ ಒಂದು ದಾರಿಯಿರುತ್ತಿತ್ತು, ಕೊಟ್ಟಿಗೆಯ ಹಿಂದೆ ಹೋಗಿ ಗೋಡೆಗೆ ಹಣೆಯಿಟ್ಟು ನಿಂತೆ. ಸತ್ತ ಮೇಲೆ ಸಾಗಿಸಲು ಲಾರಿ ಬರಲಿಲ್ಲ, ಅಂಗಳದಲ್ಲೇ ಬಿದ್ದಿದ್ದವು, ಉಬ್ಬಿದವು, ಕಾಲು ಆಕಾಶಕ್ಕೆ ಎತ್ತಿದವು, ಜಿಲ್ ಅಡುಗೆಮನೆ ಕಿಟಕಿಗೆ ಕಂಬಳಿ ಹೊಡೆದಿದ್ದಳು, ಕೊನೆಗೆ ಬೆಟ್ಟದ ಬುಡದಲ್ಲಿ ರಾಶಿ ಹಾಕಿ ಸುಟ್ಟರು, ಆ ಹೊಗೆ ಒಗೆದ ಬಟ್ಟೆಗೆಲ್ಲ ಹತ್ತಿಕೊಂಡಿತು. ಮತ್ತೆ ಹಸು ಕಟ್ಟಲಿಲ್ಲ ನಾನು. ಜಿಲ್ಲಾ ಕೌನ್ಸಿಲಿನವರ ಲಾರಿ ಹತ್ತಿದೆ, ಚಳಿಗಾಲದಲ್ಲಿ ಮಂಜುಗಟ್ಟದ ಹಾಗೆ ರಸ್ತೆಗೆ ಉಪ್ಪು ಚೆಲ್ಲುವುದು, ಬೇಸಿಗೆಯಲ್ಲಿ ಗುಂಡಿ ಮುಚ್ಚುವುದು, ಕೆಲಸ ಕೆಟ್ಟದ್ದಲ್ಲ, ಅಲ್ಲಿ ಯಾವ ಪ್ರಾಣಿಯೂ ನಮ್ಮ ಮುಖ ನೋಡಿ ನಂಬುವುದಿಲ್ಲ.

ನೋಡಿ ಬೀಗರೇ ಇದರ ಬಣ್ಣ, ಎಂದ ಟ್ರೆವರ್, ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ದೊಡ್ಡ ಕೆಂಪು ಕೈ, ಉಗುರು ಒಪ್ಪವಾಗಿ ಕತ್ತರಿಸಿಕೊಂಡಿದ್ದಾನೆ, ನಾನು ಅವನ ಕೈಯನ್ನಷ್ಟೇ ನೋಡುತ್ತೇನೆ, ಕೈಗೆ ಆ ದಿನ ಗವಸಿತ್ತು, ಏನೂ ತಿಳಿಯುವುದಿಲ್ಲ. ಇದು ಜೀವ ಇರೋ ಮಾಲು ಕಣ್ರೀ, ಪೀಪಾಯಿಯೊಳಗೆ ಇನ್ನೂ ಉಸಿರಾಡ್ತಿರತ್ತೆ, ಪೇಟೇಲಿ ಕೊಡ್ತಾರಲ್ಲ, ಸೋಸಿ ಕಾಯಿಸಿ ಗ್ಯಾಸು ತುಂಬಿ, ಅದು ಹೆಣ, ನಾನು ಮುಟ್ಟಲ್ಲ. ಕುಡಿದೆ ನಾನೂ, ಕಹಿ, ಆಮೇಲೆ ಒದ್ದೆ ಎಲೆಯ ರುಚಿ, ತಣ್ಣಗೂ ಇಲ್ಲ ಬಿಸಿಯೂ ಇಲ್ಲ, ನೆಲಮಾಳಿಗೆಯಷ್ಟೇ ತಂಪು, ಯಾವಾಗಲೂ ಇಷ್ಟವಾಗುವ ಏಲ್, ಇವತ್ತು ಲೋಟ ದೂರ ಸರಿಸಿದೆ. ಮೋಯ್ರಾ ಬಂದು ಏನ್ ತರ್ಲಿ ಮರಿಗಳಾ ಎಂದಳು, ಅವಳಿಗೆ ಎಪ್ಪತ್ತು ದಾಟಿದವರೂ ಮರಿಗಳೇ, ಲೂಯಿಸ್ ಸಾಸೇಜು ಹೇಳಿದ, ಜಿಲ್ ಮೀನು, ಹೇಜಲ್ ಆಲೂಗಡ್ಡೆ ಗೆಣಸಿನ ಕಡುಬು, ಅವಳು ಎಂಟರ ವಯಸ್ಸಿನಿಂದಲೂ ಮಾಂಸ ಮುಟ್ಟಿದವಳಲ್ಲ, ನಾನು ಕುರಿಮಾಂಸ, ಟ್ರೆವರ್ ಊಟದ ಪಟ್ಟಿಯನ್ನು ಮಡಚಿಟ್ಟು ಹುಡುಗಿ ಮುಂದೆ ಕೂತು ದನದ ಮಾಂಸ ಹೇಗೆ ತಿನ್ಲಿ, ನಂಗೂ ಆ ಕಡುಬೇ ತಗೊಂಬಾರಮ್ಮ ಎಂದ, ಹೇಜಲ್ ಮುಖ ಅರಳಿತು, ಲೂಯಿಸ್ ಕಣ್ಣರಳಿಸಿ ನಮ್ಮಪ್ಪನಾ ಇದು, ಜೀವಮಾನವೆಲ್ಲ ಕಸಾಯಿಖಾನೇಲಿ ಕೆಲಸ ಮಾಡಿದವರು ಎಂದ, ಎಂದುಬಿಟ್ಟ, ಅಷ್ಟು ಸಲೀಸಾಗಿ, ಬಟ್ಟಲಿನ ಉಪ್ಪು ಆಚೆ ಸರಿಸಿದ ಹಾಗೆ. ಹೇಜಲ್‌ಗೆ ಗೊತ್ತಿತ್ತು, ಅವಳು ಬೆಚ್ಚಲಿಲ್ಲ, ಗೊತ್ತಿದ್ದೇ ಪ್ರೀತಿಸಿದ್ದಾಳೆ, ಅವರಪ್ಪನ ಕೆಲಸಕ್ಕೂ ಅವನಿಗೂ ಏನಪ್ಪಾ ಸಂಬಂಧ ಎಂದು ನನ್ನನ್ನೇ ಕೇಳುವಳು, ಸರಿ, ಏನು ಸಂಬಂಧ. ಎಲ್ಲಿ ಕೆಲಸ ಮಾಡ್ತಿದ್ರಿ ಎಂದೆ, ನನ್ನ ದನಿ ನನಗೇ ಬೇರೆ ಕೇಳಿಸಿತು. ಪ್ರೆಸ್ಟನ್ ಹತ್ತಿರ ಒಂದು ಕಡೆ, ಎಂದ, ಒಂದು ಗುಟುಕು ಕುಡಿದ, ಎಲ್ಲೆಲ್ಲೋ ಕಳಿಸ್ತಿದ್ರು ಬಿಡಿ, ಒಂದು ವರ್ಷ ವಸಂತದಲ್ಲಿ ಈ ಕಡೆಗೂ ಬಂದಿದ್ದೆ, ಆ ಕಾಲ ನಿಮಗೆ ಗೊತ್ತಲ್ಲ — ಎಂದು ನಾಯಿಯ ಕಿವಿ ಸವರಿದ, ಜಿಲ್ ಮೇಜಿನ ಕೆಳಗೆ ನನ್ನ ಪಾದದ ಮೇಲೆ ತನ್ನ ಪಾದ ಇಟ್ಟಳು, ಅವಳಿಗೆ ದನಿ ಗೊತ್ತಿಲ್ಲ, ಅವಳು ಆ ದಿನ ಮುಂದಿನ ಕೋಣೆಯಲ್ಲಿ ಹುಡುಗಿಯನ್ನು ತಬ್ಬಿಕೊಂಡು ರೇಡಿಯೋ ಜೋರಾಗಿ ಹಾಕಿ ಕೂತಿದ್ದಳು, ಆದರೆ ಎಲ್ಲಿ ಮಾತು ತಿರುಗಿದೆ ಎನ್ನುವುದು ಅವಳಿಗೆ ತಿಳಿದಿದೆ, ಒತ್ತಿದಳು, ಬೇಡ ನೆಡ್, ಬೇಡ, ಎಂದಳು ಪಾದದಿಂದ.

ಇನ್ನೊಂದು ಸುತ್ತು ನಾನು ತರ್ತೀನಿ ಎಂದೆದ್ದೆ, ನಾನೂ ಬರ್ತೀನಿ, ಅಷ್ಟು ಲೋಟ ಒಬ್ಬರೇ ಹೇಗೆ ಹಿಡೀತೀರಿ ಎಂದು ಅವನೂ ಎದ್ದ, ಕೌಂಟರಿಗೆ ಮೊಣಕೈ ಊರಿ ಅಕ್ಕಪಕ್ಕ ನಿಂತೆವು, ಅವನು ನನಗಿಂತ ಗಿಡ್ಡ, ಅದೇ ಆಶ್ಚರ್ಯ, ನನ್ನ ನೆನಪಿನಲ್ಲಿ ಆ ಬಿಳಿ ಮೇಲಂಗಿಯವನು ಬಾಗಿಲ ಚೌಕಟ್ಟಿನಷ್ಟು ಎತ್ತರ, ಮೋಯ್ರಾ ಕೈಪಂಪನ್ನು ಎಳೆದಳು, ಉಸಿರೆಳೆದ ಸದ್ದು, ಕಂದು ಬಣ್ಣ ಸುತ್ತಿ ಸುತ್ತಿ ಲೋಟ ತುಂಬುತ್ತಿದೆ, ಈಗ ಕೇಳಲೇ, ಕೇಳಿ ಏನು ಮಾಡಲಿ, ಹೌದು ಎಂದರೆ ಹೊಡೆಯುತ್ತೇನೆಯೇ, ಮೊಣಕಾಲು ನೋಯುವ ಮುದುಕ ಇನ್ನೊಬ್ಬ ಮುದುಕನಿಗೆ, ಅವನು ಕಳಿಸಿದ ಕಡೆ ಬಂದ, ಹೇಳಿದ್ದನ್ನು ಮಾಡಿದ, ಚೆನ್ನಾಗಿಯೇ ಮಾಡಿದ, ಒಂದೂ ಒದ್ದಾಡಲಿಲ್ಲ, ಇನ್ನೊಂದು ಊರಿನಲ್ಲಿ ಬಂದೂಕಿನವರು ಹೊಲದಲ್ಲಿ ಅಟ್ಟಾಡಿಸಿ ಹೊಡೆದರಂತೆ, ನಮ್ಮಲ್ಲಿ ಹಾಗಾಗಲಿಲ್ಲ, ಇದಕ್ಕೆ ಕೃತಜ್ಞನಾಗಿರಬೇಕೇ ನಾನು. ಟ್ರೆವರ್, ಎಂದೆ, ಆ ವಸಂತದ ವಿಷಯ ಮೇಜಿನ ಹತ್ತಿರ ಬೇಡ. ಅವನು ತಿರುಗಿ ನೋಡಿದ, ಮೊದಲ ಸಲ ನೇರವಾಗಿ, ನೀಲಿ ಕಣ್ಣು, ಸುತ್ತ ಕೆಂಪು. ನಿಮ್ಮವೂ ಹೋದವಾ. ಹೋದವು. ಅವನು ತಲೆ ತಗ್ಗಿಸಿದ, ಲೂಯಿಸ್ ನಂಗೆ ಹೇಳ್ಲಿಲ್ಲ, ಹುಡುಗಿ ಮನೆಯವರು ಕೌನ್ಸಿಲ್ ಕೆಲಸದವರು ಅಂದ, ಹೇಳಿದ್ರೆ ಬರ್ತಾನೇ ಇರ್ಲಿಲ್ಲ ಬೀಗರೇ, ದೇವರಾಣೆ. ಯಾವ ಕಡೆ ನಿಮ್ದು ಎಂದು ಕೇಳಲು ಬಾಯಿ ತೆರೆದ, ನಾನು ಮೊದಲೇ ಲೋಟ ಎತ್ತಿಕೊಂಡೆ, ಅಂಚಿನಿಂದ ಏಲ್ ತುಳುಕಿ ನನ್ನ ಅಂಗಿಯ ತೋಳೊಳಗೆ ಇಳಿಯಿತು, ಮಗಳಿಗೆ ಅದು ಬೇಡ, ಅಷ್ಟೇ, ಎಂದೆ. ಆಯ್ತು, ಅರ್ಥ ಆಯ್ತು ಎಂದ, ಮತ್ತೆ ಹಿಂದಿನಿಂದ, ಇನ್ನೂ ಮೆಲ್ಲಗೆ, ಆ ಹಸುಗಳನ್ನ ನಿದ್ದೇಲಿ ಕರೀತೀನಂತೆ, ನನ್ನ ಹೆಂಡ್ತಿ ಹೇಳ್ತಿದ್ಲು ಇದ್ದಾಗ, ಒಂದೊಂದೇ ಕರೀತೀನಂತೆ. ನಾನು ತಿರುಗಲಿಲ್ಲ, ತಿರುಗಿದ್ದರೆ ಅವನ ಮೇಲೆ ಕರುಣೆ ಬಂದುಬಿಡುತ್ತಿತ್ತು, ಆ ಕರುಣೆಯನ್ನು ಎಲ್ಲಿ ಇಡಲಿ.

ಊಟ ಬಂತು, ತಟ್ಟೆಯಿಂದ ಹಬೆ, ಬಟಾಣಿ, ಗ್ರೇವಿ, ಮೇಜು ಬೆಚ್ಚಗಾಯಿತು, ಲೂಯಿಸ್ ಮದುವೆಯ ದಿನ ಮಳೆ ಬಂದರೆ ಡೇರೆ ಎಲ್ಲಿ ಹಾಕುವುದು ಎನ್ನುತ್ತಿದ್ದ, ಜಿಲ್ ಚರ್ಚಿನ ಹಿಂದಿನ ಹೊಲ ಎಂದಳು, ಟ್ರೆವರ್ ಕಡುಬು ಮುರಿದು ತಿಂದು ಚೆನ್ನಾಗಿದೆ, ಸುಳ್ಳಲ್ಲ, ಚೆನ್ನಾಗೇ ಇದೆ ಎಂದ, ದಾಟಿದೆವು, ದಾಟಿದೆವು ಎಂದುಕೊಂಡೆ, ಇನ್ನು ಪುಡಿಂಗ್ ಒಂದು, ಕಾಫಿ ಒಂದು, ಆಮೇಲೆ ಕೈ ಕುಲುಕಿ ಕಾರು ಹತ್ತುತ್ತಾನೆ, ಮದುವೆಯ ದಿನ ಮತ್ತೊಮ್ಮೆ, ಮಕ್ಕಳಾದರೆ ಹೆಸರಿಡುವ ದಿನ ಮತ್ತೊಮ್ಮೆ, ಜೀವಮಾನದಲ್ಲಿ ಇಂಥ ಐದಾರು ಊಟ, ಸಹಿಸಬಹುದು. ಆಗ ಹೇಜಲ್ ಫೋರ್ಕ್ ಕೆಳಗಿಟ್ಟು ಮುಂದಕ್ಕೆ ಬಾಗಿದಳು, ಮಾವ, ನಿಮಗೆ ಒಂದು ಮಾತು ಹೇಳ್ಬೇಕು ಅಂತ ಬಹಳ ದಿನದಿಂದ ಇತ್ತು, ನೀವು ಆ ಕೆಲಸದಲ್ಲಿದ್ರಿ ಅಂತ ನಾನೇನೋ ಅಂದ್ಕೊಂಡಿರ್ತೀನಿ ಅಂತ ಲೂಯಿಸ್ ಹೆದರ್ತಾನೆ, ನಂಗೇನೂ ಇಲ್ಲ, ನಿಜವಾಗ್ಲೂ, ಯಾಕಂದ್ರೆ ಆ ಜನರಲ್ಲೇ ಒಬ್ಬರು ನನ್ನ ಕರು ಉಳಿಸಿದ್ದು. ಜಿಲ್‌ಳ ಪಾದ ಮತ್ತೆ ನನ್ನ ಪಾದದ ಮೇಲೆ ಬಂದಿತ್ತು, ಈಗ ಎದ್ದುಹೋಯಿತು. ಹೇಜಲ್, ಕಡುಬು ಆರುತ್ತೆ ಎಂದೆ. ಆರ್ಲಿ ಅಪ್ಪ. ಅವಳಿಗೆ ಕೆನ್ನೆ ಕೆಂಪಾಗಿದೆ, ಒಳ್ಳೆಯ ಮಾತನ್ನು ಉಡುಗೊರೆಯ ಹಾಗೆ ತಂದಿದ್ದಾಳೆ, ತಡೆಯುವುದು ಹೇಗೆ, ಹೇಳುತ್ತಿದ್ದಾಳೆ, ಹುಟ್ಟಿ ಒಂದು ವಾರವಾಗಿರಲಿಲ್ಲ ಆ ಕರು, ಬೆಳಗಿನ ಜಾವ ನಾನೇ ಎತ್ತಿಕೊಂಡು ಹೋಗಿ ಬಟ್ಟೆ ಒಗೆಯೋ ಕೋಣೇಲಿ ಬುಟ್ಟಿಗಳ ಹಿಂದೆ ಬಚ್ಚಿಟ್ಟಿದ್ದೆ, ಚಳಿಯಾಗತ್ತೆ ಅಂತ ನನ್ನ ಶಾಲೆ ಸ್ವೆಟರ್ ಹಾಕಿದ್ದೆ ಅದಕ್ಕೆ, ಮುಂಗಾಲು ಎರಡೂ ತೋಳಿನಲ್ಲಿ, ಎಲ್ಲರೂ ನಕ್ಕರೆ ನಗಿ, ಒಬ್ಬರು ಡಾಕ್ಟರಮ್ಮ ಅದನ್ನ ನೋಡಿ, ಯಾರಿಗೂ ಹೇಳದೆ ಕಾರಿನಲ್ಲಿ ಹಾಕ್ಕೊಂಡು ಸ್ಕಾಟ್ಲೆಂಡಿಗೆ ಅವರಕ್ಕನ ಮನೆಗೆ ಸಾಗಿಸಿದ್ರಂತೆ, ಸ್ವೆಟರ್ ಸಮೇತ, ಅಲ್ವಾ ಅಮ್ಮ. ಅಲ್ವಾ ಅಮ್ಮ ಎಂದಳು, ಮೂವತ್ತು ವರ್ಷದ ಹೆಂಗಸು, ಪೇಟೆಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು, ನಾನು ಅವಳು ದೊಡ್ಡವಳಾದ ಮೇಲೆ ತಾನೇ ಅರ್ಥಮಾಡಿಕೊಂಡಿರುತ್ತಾಳೆ ಎಂದುಕೊಂಡಿದ್ದೆ, ಕೇಳುವುದನ್ನು ಬಿಟ್ಟಿದ್ದಳು, ಬಿಟ್ಟದ್ದು ನಂಬಿದ್ದರಿಂದ. ಕತೆ ಕಟ್ಟಿದ್ದು ಜಿಲ್, ಆ ರಾತ್ರಿ ಹುಡುಗಿ ಊಟ ಬಿಟ್ಟು ಉಸಿರುಗಟ್ಟುವ ಹಾಗೆ ಅಳುತ್ತಿದ್ದಾಗ, ನಾನು ತಲೆಯಾಡಿಸಿದೆ, ಆ ದಿನ ನಿಜವಾಗಿ ಆದದ್ದು ಇಷ್ಟು, ಹಾಲಿನ ಹೊತ್ತಿಗೆ ಆ ಕರು ಅರಚಿತು, ಒಬ್ಬ ಬಿಳಿ ಮೇಲಂಗಿಯವನು ಹಿತ್ತಲ ಕಡೆ ಹೋದ, ನಾನು ಗೋಡೆಗೆ ಹಣೆಯಿಟ್ಟೇ ಇದ್ದೆ, ಟಕ್, ಎಲ್ಲ ಮುಗಿದ ಮೇಲೆ ನೋಡಿದರೆ ಗೇಟಿನ ಕಲ್ಲಿನ ಮೇಲೆ ಸ್ವೆಟರ್, ನೀಟಾಗಿ ಮಡಚಿ ಇಟ್ಟಿದ್ದರು, ಒಂದು ಹನಿ ರಕ್ತವಿರಲಿಲ್ಲ, ಜಿಲ್ ಅದನ್ನು ಒಲೆಗೆ ಹಾಕಿದಳು.

ನೀವೇನಾದ್ರೂ ಕೇಳಿದ್ರಾ ಮಾವ ಅದರ ವಿಷಯ, ನಿಮ್ಮ ಜನರಲ್ಲಿ, ಎಂದಳು. ಟ್ರೆವರ್ ಅವಳನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ, ಮುಖದಿಂದ ಬಣ್ಣ ಇಳಿಯುವುದನ್ನು ಕಂಡೆ, ಮೊದಲು ತುಟಿ, ಆಮೇಲೆ ಕೆನ್ನೆ, ಈಗ ಅವನಿಗೆ ಊರೂ ಗೊತ್ತಾಯಿತು, ಗೇಟೂ ಗೊತ್ತಾಯಿತು, ಗೋಡೆಗೆ ಹಣೆಯಿಟ್ಟು ನಿಂತಿದ್ದವನೂ ಗೊತ್ತಾದ, ಇಲ್ಲ ಅನ್ನು, ಕೇಳಿಲ್ಲ ಅನ್ನು, ಎಂದುಕೊಂಡೆ, ಅಷ್ಟು ಜೋರಾಗಿ ಯಾರನ್ನೂ ಬೇಡಿಕೊಂಡಿಲ್ಲ ನಾನು, ಆ ಡಾಕ್ಟರನ್ನೂ ಕೂಡ. ಕೇಳಿದ್ದೆ ಮಗಳೇ, ಎಂದ ಟ್ರೆವರ್, ನಮ್ಮವರೆಲ್ಲ ಮಾತಾಡ್ಕೋತಿದ್ರು, ಹಾಗೆ ಒಂದು ಉಳೀತಂತೆ ಅಂತ, ಒಳ್ಳೇ ಹಸು ಆಗಿರತ್ತೆ ಬಿಡು. ಹೇಜಲ್‌ಳ ಕಣ್ಣು ತುಂಬಿತು, ಕೇಳಿದ್ಯಾ ಅಪ್ಪ ಎಂದು ನನ್ನ ಕೈ ಹಿಡಿದಳು, ನಾನು ಅವನಿಗೆ ಋಣಿಯಾದೆ, ಈ ಮನುಷ್ಯನಿಗೆ, ಅದೊಂದು ಬಾಕಿಯಿತ್ತು, ಅಲ್ಲಿಗೇ ನಿಲ್ಲಬೇಕಿತ್ತು, ಮೋಯ್ರಾ ಸಾಸಿವೆ ತಂದಿಟ್ಟಳು, ಲೂಯಿಸ್ ಎಂಥಾ ಕಾಕತಾಳೀಯ ನೋಡು ಎಂದ, ನಿಲ್ಲಬೇಕಿತ್ತು, ಆದರೆ ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಕೊಟ್ಟದ್ದು ಸಾಲದು ಎಂದುಕೊಂಡನೋ, ಅಥವಾ ಇಷ್ಟು ವರ್ಷ ನಿದ್ದೆಯಲ್ಲಿ ಕರೆದದ್ದು ಈಗ ಎಚ್ಚರದಲ್ಲಿ ಬಂತೋ, ಲೋಟದಲ್ಲಿ ಉಳಿದದ್ದನ್ನು ಒಂದೇ ಗುಟುಕಿಗೆ ಕುಡಿದು ಮತ್ತೆ ಬಾಯಿ ತೆರೆದ, ಕೆಂಪು ಸ್ವೆಟರ್, ಎಂದ, ಕೊರಳವರೆಗೂ ಗುಂಡಿ ಹಾಕಿತ್ತು, ಎಷ್ಟು ಅಚ್ಚುಕಟ್ಟಾಗಿ ಹಾಕಿತ್ತು ಕೂಸು, ಸಣ್ಣ ಸಣ್ಣ ಗುಂಡಿ, ಗವಸು ಹಾಕ್ಕೊಂಡು ಬಿಚ್ಚೋಕೇ ಬರ್ತಿರ್ಲಿಲ್ಲ, ಕಡೆಗೆ ಗವಸು ತೆಗೆದು — ಹೇಳುತ್ತ ಹೇಳುತ್ತ ಅವನ ಬಲಗೈ ತಟ್ಟೆಯ ಮೇಲೆ ಎದ್ದಿತ್ತು, ಹೆಬ್ಬೆರಳೂ ತೋರುಬೆರಳೂ ಕೂಡಿ ಗಾಳಿಯಲ್ಲಿ ಒಂದು ಗುಂಡಿಯನ್ನು ತೂತಿನಿಂದ ಆಚೆ ತಳ್ಳುತ್ತಿದ್ದವು, ಮಾತು ನಿಂತಿತು, ಬೆರಳು ನಿಲ್ಲಲಿಲ್ಲ. ಏನಪ್ಪಾ, ಅಲ್ಲೇ ಇದ್ದವರ ಹಾಗೆ ಹೇಳ್ತೀರಿ ಎಂದು ಲೂಯಿಸ್ ನಗಲು ಹೋದ, ನಗು ಅರ್ಧಕ್ಕೆ ಬಿತ್ತು, ಜಿಲ್ ಕಿಟಕಿಯ ಕಡೆ ತಿರುಗಿದಳು. ನಾನು ಬಣ್ಣ ಹೇಳ್ಲಿಲ್ಲವಲ್ಲ, ಎಂದಳು ಹೇಜಲ್, ತುಂಬ ಮೆಲ್ಲಗೆ, ಅವನನ್ನಲ್ಲ, ನನ್ನನ್ನು ನೋಡುತ್ತ, ಅವಳ ಕೈ ನನ್ನ ಕೈ ಮೇಲೆಯೇ ಇದೆ, ಭಾರ ಹೊರಟುಹೋಗಿದೆ ಅದರಿಂದ, ಬಿಚ್ಚಿದ್ದು ಯಾಕೆ ಅಪ್ಪ, ಸ್ವೆಟರ್ ಹಾಕ್ಕೊಂಡೇ ಹೋಯ್ತಲ್ಲ ಅದು. ಉತ್ತರ ಕೊಡಬೇಕು, ಬಾಯಲ್ಲಿ ಏಲ್‌ನ ಕಹಿ, ನಾಲಿಗೆ ಹುಡುಕುತ್ತಿದೆ, ಡಾಕ್ಟರಮ್ಮ, ಸ್ಕಾಟ್ಲೆಂಡ್, ಅಕ್ಕ, ಅವಳ ಕೈ ನಿಧಾನವಾಗಿ ಹಿಂದೆ ಸರಿಯುತ್ತಿದೆ, ನಾನು ಅದನ್ನು ನೋಡಬೇಕು, ಹಿಡಿದುಕೊಳ್ಳಬೇಕು, ಆದರೆ ನೋಡುತ್ತಿರುವುದು ಆ ಬೆರಳುಗಳನ್ನು, ಹೆಬ್ಬೆರಳು, ತೋರುಬೆರಳು, ಇಲ್ಲದ ಗುಂಡಿಯನ್ನು ತಳ್ಳುತ್ತವೆ, ಜೋಪಾನವಾಗಿ, ಕೂಸಿಗೆ ಎಚ್ಚರವಾಗದಿರಲಿ ಎನ್ನುವ ಹಾಗೆ, ಇಳಿಯುತ್ತವೆ, ಕೆಳಗಿನ ಗುಂಡಿ, ತಳ್ಳುತ್ತವೆ, ಇಳಿಯುತ್ತವೆ, ಹೆಬ್ಬೆರಳು, ತೋರುಬೆರಳು, ಮುಂದಿನ ಗುಂಡಿ